ಕೆಂಚಮ್ಮನ ಬುಟ್ಟಿಯ ಬಳಿ ಬಿಟ್ಟ ಚಪ್ಪಲಿ

ಉಂಗುಟ ಕಿತ್ತು ಪಿನ್ನು ಹಾಕಿದ ಒಂದು ಜೊತೆ ಚಪ್ಪಲಿ ಮಂಡಕ್ಕಿ ಕೆಂಚಮ್ಮನ ಬುಟ್ಟಿಯ ಬಳಿ ಕಂಡರೆ ಸಾಕು, ಆ ಭಾನುವಾರದ ಕುಸ್ತಿಗೆ ಜೀವ ಬರುತ್ತಿತ್ತು. ಸಣ್ಣೀರಪ್ಪ ಜನರ ನಡುವಿನಿಂದಲೇ ಎದ್ದು ಬರುತ್ತಿದ್ದ. "ನೋಡ್ಕೊಳವ್ವ" ಎಂದು ಚಪ್ಪಲಿ ಬಿಟ್ಟು ಅಖಾಡಕ್ಕೆ ಇಳಿಯುತ್ತಿದ್ದ.

ನಮ್ಮದು ಡೇರೆಯೊಳಗಿನ ಆಟದ ಕುಸ್ತಿ. ಯಾರು ಯಾರನ್ನು ಕೆಡವಬೇಕೆಂದು ಮಧ್ಯಾಹ್ನದ ಊಟದ ಹೊತ್ತಿಗೇ ನಾನು ಹೇಳಿಬಿಡುತ್ತಿದ್ದೆ. ಸಂಜೆ ತಗಡಿನ ಕೊಳವೆ ಹಿಡಿದು ಅಖಾಡದ ಅಂಚಿನಲ್ಲಿ ಸಾರುವವನೂ ನಾನೇ. ಮೂರು ವರ್ಷ ಎಲ್ಲರ ಕೈಲೂ ಸಣ್ಣೀರಪ್ಪನನ್ನು ಸೋಲಿಸಿದೆ. ದೈತ್ಯರಂಥ ಪೈಲ್ವಾನರು ಅವನನ್ನು ಮಣ್ಣಿಗೆ ಒತ್ತಿ ಹಿಡಿದಾಗ ಕೆಂಚಮ್ಮ ಎದ್ದು ನಿಂತು "ಏಳೋ ನನ್ನಪ್ಪಾ!" ಎನ್ನುತ್ತಿದ್ದಳು. ಹಿಂದೆಯೇ ಊರಿಗೆ ಊರೇ "ಏಳೋ, ಏಳೋ" ಎನ್ನುತ್ತಿತ್ತು. ಈಗಲೂ ಆ ಕೂಗಿಗಾಗಿ ನನ್ನ ಕಿವಿ ಹಂಬಲಿಸುತ್ತದೆ. ಕೊನೆಗೊಂದು ಭಾನುವಾರ ಅವನು ಎದ್ದ, ಗದೆ ಗೆದ್ದ. ಜನ ಅಳುತ್ತಲೇ ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದರು. ಕತೆ ಕಟ್ಟಿದವನು ನಾನೇ ಆದರೂ ನಾನೂ ಅತ್ತೆ. ಚಪ್ಪಲಿ ಬುಟ್ಟಿಯ ಬಳಿಯೇ ಉಳಿಯಿತು.

ಆಮೇಲೆ ನಾನು ಮಾಡಿದ್ದು ಶುದ್ಧ ದಡ್ಡತನ. ಗದೆ ಗೆದ್ದವನು ಜನರ ನಡುವಿನಿಂದ ಬರಬಾರದೆಂದು ಪರದೆ ಕಟ್ಟಿಸಿದೆ. ಜರಿ ಪೇಟ ಸುತ್ತಿಸಿದೆ, ಹೊಸ ಮೆಟ್ಟು ಕೊಡಿಸಿದೆ, ವಾರ ವಾರವೂ ಗೆಲ್ಲಿಸಿದೆ. ಬೀಗರ ಮನೆಯ ಊಟ ಹೊಗಳುವ ಹಾಗೆ ಜನ ಚಪ್ಪಾಳೆ ತಟ್ಟಿದರು. ಕೆಂಚಮ್ಮ ಅಖಾಡಕ್ಕೆ ಬೆನ್ನು ಹಾಕಿ ಮಂಡಕ್ಕಿ ಮಾರತೊಡಗಿದಳು.

"ಯಾರೂ ಏಳು ಅಂತಿಲ್ಲ ಸ್ವಾಮಿ," ಎಂದ ಒಂದು ದಿನ ಸಣ್ಣೀರಪ್ಪ.

"ಬಿದ್ರೆ ತಾನೇ ಅನ್ನೋದು?"

"ಬೀಳಾಕೆ ನೀವೆಲ್ಲಿ ಬಿಡ್ತೀರಿ? ನನಗೆ ಗದೆ ಬ್ಯಾಡ. ಆ ಕೂಗು ಒಂದ್ಸಲ ಕೇಳಿಸ್ರಿ, ಸಾಕು."

ಆದರೂ ಅವನನ್ನು ಸೋಲಿಸಲು ನನಗೆ ಧೈರ್ಯ ಬರಲಿಲ್ಲ. ಅದರ ಬದಲು, ಜನ ಮರುಗಲೆಂದು ಅವನ ಕೈಗೆ ಬಟ್ಟೆ ಸುತ್ತಿ, ಮೂಳೆ ಮುರಿದಿದೆ ಎಂದು ಸಾರಿದೆ. ಎರಡನೆಯ ವಾರ ಅವಸರದಲ್ಲಿ ಇನ್ನೊಂದು ಕೈಗೆ ಸುತ್ತಿಬಿಟ್ಟೆ.

"ಹೋದ್ ವಾರ ಮುರಿದಿದ್ದು ಎಡಗೈ ಅಲ್ಲೇನೋ?" ಎಂದಳು ಕೆಂಚಮ್ಮ. ಡೇರೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಸಣ್ಣೀರಪ್ಪ ನಗಲಿಲ್ಲ.

ಮುಂದಿನ ಭಾನುವಾರ ಅವನೆದುರು ತಿಪ್ಪೇಶನೆಂಬ ಹೊಸಬನನ್ನು ಇಳಿಸಿದೆ. ಬಡಕಲು ಹಮಾಲಿ. ಐದು ನಿಮಿಷದಲ್ಲಿ ಅವನು ಚಿತ್ ಆಗಬೇಕೆಂದು ಮಾತಾಗಿತ್ತು. ಸಣ್ಣೀರಪ್ಪ ಅವನನ್ನು ಕೆಡವಿ ಒತ್ತಿ ಹಿಡಿದ. ಆಗ ಹಿಂದಿನ ಸಾಲಿನಿಂದ ಒಂದು ದನಿ, "ಏಳೋ!" ಎಂದಿತು. ಇನ್ನೊಂದು ಸೇರಿತು. ನೋಡನೋಡುತ್ತಲೇ ಊರೇ ಕೂಗತೊಡಗಿತು. ಎಷ್ಟೋ ತಿಂಗಳ ಮೇಲೆ ಬಂದ ಆ ಕೂಗು ಬಂದದ್ದು ತಿಪ್ಪೇಶನಿಗೆ.

ಸಣ್ಣೀರಪ್ಪ ತಲೆಯೆತ್ತಿ ಜನರನ್ನು ನೋಡಿದ. ಆಮೇಲೆ ಬಾಗಿ, "ಏಳಪ್ಪಾ" ಎಂದ. ತಿಪ್ಪೇಶನನ್ನು ಬಿಟ್ಟರೆ ಮಾರು ದೂರದಲ್ಲಿದ್ದ ನನಗೆ ಮಾತ್ರ ಕೇಳಿಸಿತು.

"ಮಾತು ಹಿಂಗಿರ್ಲಿಲ್ಲಲ್ಲಣ್ಣ," ತಿಪ್ಪೇಶ ಗಾಬರಿಯಾದ.

"ನಿನ್ನೇ ಕರೀತಿದಾರೆ. ಅವರ್ನ ಕಾಯಿಸಬ್ಯಾಡ. ಏಳು."

ಹಿಡಿತ ಸಡಿಲವಾಯಿತು. ತಿಪ್ಪೇಶ ಹೊರಳಿ ಮೇಲೆ ಬಂದ. ಸಣ್ಣೀರಪ್ಪನ ಬೆನ್ನು ಮಣ್ಣಿಗೆ ತಾಗಿತು. ಜನ ತಿಪ್ಪೇಶನನ್ನು ಹೊತ್ತುಕೊಂಡು ಬೀದಿಗೆ ನುಗ್ಗಿದರು, ಡೇರೆ ಖಾಲಿಯಾಯಿತು. ಸಣ್ಣೀರಪ್ಪ ಬಿದ್ದಲ್ಲೇ ಇದ್ದ. ಏಳು ಎಂದು ನಾನು ಹೇಳಬಹುದಿತ್ತು. ಕೊಳವೆ ಕೈಯಲ್ಲೇ ಇತ್ತು. ಆದರೆ ಅವನು ಕಾಯುತ್ತಿದ್ದದ್ದು ನನ್ನ ದನಿಗಲ್ಲ ಎಂದು ಗೊತ್ತಿತ್ತು.

ಕೆಂಚಮ್ಮ ಹೋಗಿರಲಿಲ್ಲ. ಬುಟ್ಟಿ ಎತ್ತಿ, ಅದರಡಿ ಇಷ್ಟು ದಿನ ಜೋಪಾನ ಮಾಡಿದ್ದ ಆ ಪಿನ್ನಿನ ಚಪ್ಪಲಿಗಳನ್ನು ತಂದು ಅಖಾಡದ ಅಂಚಿನಲ್ಲಿಟ್ಟಳು.

"ಏಳೋ ನನ್ನಪ್ಪಾ," ಎಂದಳು ಮೆಲ್ಲಗೆ, ಮನೆಯಲ್ಲಿ ಎಬ್ಬಿಸುವವರ ಹಾಗೆ. "ನಿನ್ ಚಪ್ಪಲಿ ಇಲ್ಲೇ ಅದಾವೆ."

ಸಣ್ಣೀರಪ್ಪ ಏಳಲಿಲ್ಲ. ಇನ್ನೊಂದು ಸಲ ಕರೆಯಲೆಂದು, ಕಣ್ಣು ಮುಚ್ಚಿಕೊಂಡು ಮಣ್ಣಿನಲ್ಲೇ ಮಲಗಿದ್ದ.