ಜೇಬಿನ ಮೇಲಿನ ಸೊಟ್ಟ ಹೊಲಿಗೆ

ಕೆಲಸದ ಮೇಲೆ ಅಷ್ಟೊಂದು ಜಂಬ ಇರಬಾರದು ನೋಡಿ. ಮೂಲೆ ಅಂಗಡಿಯ ಹೊಲಿಗೆಯಕ್ಕನಿಗೆ ಅದೇ ಮುಳುವಾಯಿತು. ಹರಿದ ಬಟ್ಟೆಗೆ ಒಳಗಿಂದ ತೇಪೆ ಕೊಟ್ಟು, ಮೇಲೆ ಬಿಳಿ ದಾರದಲ್ಲಿ ಅಕ್ಕಿಕಾಳಿನಷ್ಟಷ್ಟೇ ಹೊಲಿಗೆ ಹಾಕಿ ಅಲೆ, ನಕ್ಷತ್ರ ಮೂಡಿಸುವ ಜಪಾನಿನ ಸಾಶಿಕೊ ಅವಳ ಕೈಗೆ ಒಲಿದಿತ್ತು. ಒಂದು ಹೊಲಿಗೆ ಅತ್ತಿತ್ತ ಆದರೂ ಅವಳಿಗೆ ಊಟ ಸೇರುತ್ತಿರಲಿಲ್ಲ.

ರಿಟೈರಾದ ಬಸ್ ಡ್ರೈವರೊಬ್ಬ ನೀಲಿ ಕೋಟು ತಂದುಕೊಟ್ಟಿದ್ದ. "ಮೊಣಕೈ ಹರಿದಿದೆ, ಅದನ್ನಷ್ಟು ನೋಡಮ್ಮ. ತೊಳೆಯೋದು ಮಾತ್ರ ಬೇಡ" ಅಂದಿದ್ದ. ಯಾಕೆ ಬೇಡ ಅಂತ ಇವಳು ಕೇಳಲಿಲ್ಲ. ಕೇಳಿದ್ದರೆ ಇವಳ ಗಂಟೇನು ಹೋಗುತ್ತಿತ್ತು! ಮೊಣಕೈ ಮುಗಿಸಿದವಳ ಕಣ್ಣು ಜೇಬಿನ ಮೇಲೆ ಬಿತ್ತು. ಅಲ್ಲೂ ಬಿಳಿ ದಾರದ ಹೊಲಿಗೆ, ಆದರೆ ಎಂಥ ಸೊಟ್ಟ! ಯಾರೋ ಕೈಬಾರದವರ ಕೆಲಸ, ಇದನ್ನೂ ಸರಿಮಾಡಿಬಿಡೋಣ ಅಂತ ಕಚಕಚನೆ ಕತ್ತರಿಸಿ ಎಳೆದುಹಾಕಿದಳು. ದಾರ ಬುಟ್ಟಿಗೆ ಬಿತ್ತು, ಕಸದ ಗಾಡಿ ಬಂದು ಒಯ್ದೂ ಆಯಿತು.

ಮಾರನೆಯ ದಿನ ಡ್ರೈವರ್ ಬಂದ. ಮೊಣಕೈ ನೋಡಿ ಮುಖ ಅರಳಿತು. ಆಮೇಲೆ ಬೆರಳು ಜೇಬಿನ ಮೇಲೆ ತಡಕಾಡಿತು.

"ಇಲ್ಲಿದ್ದ ಹೊಲಿಗೆ?"

"ಬಿಚ್ಚಿದೆ. ಸೊಟ್ಟಗಿತ್ತು, ಹೊಸದಾಗಿ ಹಾಕೋಣ ಅಂತ..."

"ನನ್ನ ಹೆಂಡತಿ ಹಾಕಿದ್ದು. ತೀರಿಹೋಗೋಕೆ ಹದಿನೈದು ದಿನ ಮುಂಚೆ."

ಅಯ್ಯೋ, ಈ ಕೈ ಕಡಿದುಹಾಕಬೇಕು ಅನ್ನಿಸಿತು ಅವಳಿಗೆ. ದಾರ ಎಲ್ಲಿ ಅಂತ ಅವನು ಕೇಳಿದ. ಕಸದ ಗಾಡಿಗೆ ಹೋಯಿತು ಅಂದಳು. ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಕೋಟನ್ನು ಎದೆಗವಚಿಕೊಂಡು ಸ್ಟೂಲಿನ ಮೇಲೆ ಕೂತುಬಿಟ್ಟ.

ಅವಳು ಕೋಟನ್ನು ಮೆಲ್ಲಗೆ ಇಸಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ತೊಳೆಯದ ದಪ್ಪ ಬಟ್ಟೆ. ಸೂಜಿ ಹೋದ ತೂತೆಲ್ಲ ಹಾಗೇ ಇದ್ದವು.

"ಅದೇ ತೂತಲ್ಲಿ ಹೋದರೆ ಅವರ ಹೊಲಿಗೆ ಹೇಗಿತ್ತೋ ಹಾಗೇ ಬರುತ್ತೆ. ನಾನು ಮುಟ್ಟಲ್ಲ. ನೀವೇ ಹಾಕಿ, ನಾನು ಹೇಳಿಕೊಡ್ತೀನಿ."

ಸ್ಟೇರಿಂಗ್ ಹಿಡಿದು ದಪ್ಪಗಾದ ಬೆರಳು, ಸೂಜಿ ನಿಲ್ಲಲೊಲ್ಲದು. ಹೆಣಗಾಡಿ ನಾಲ್ಕು ಹೊಲಿಗೆ ಹಾಕಿದ, ಐದನೆಯದಕ್ಕೆ ತಡೆದ.

"ಇಲ್ಲಿ ಐದಾರು ತೂತಿದೆಯಲ್ಲಮ್ಮ. ಯಾವುದರಲ್ಲಿ ಹೋಗಲಿ?"

ಅವಳು ಬಗ್ಗಿ ನೋಡಿದಳು. ಹೊಲಿಗೆ ಒಂದೇ, ತೂತು ಆರು. ಅಲ್ಲಿಂದ ಮುಂದೆ ಸಾಲಿನುದ್ದಕ್ಕೂ ಹಾಗೇ. ತಡವಿ ತಡವಿ ಚುಚ್ಚಿದ ಗುರುತು. ಹೇಳೋದೋ ಬೇಡವೋ? ತಪ್ಪಂತೂ ಮಾಡಿಯಾಗಿದೆ, ಮೇಲೆ ಮುಚ್ಚುಮರೆ ಬೇರೆ ಯಾಕೆ ಅಂದುಕೊಂಡಳು.

"ಅವರಿಗೆ ಕಣ್ಣು ಕಾಣ್ತಿರಲಿಲ್ಲ ಅನ್ನಿಸುತ್ತೆ."

ಡ್ರೈವರ್ ತುಂಬಾ ಹೊತ್ತು ಆ ತೂತುಗಳ ಮೇಲೆ ಬೆರಳಾಡಿಸಿದ.

"ನನಗೆ ಒಂದು ಮಾತು ಹೇಳಲಿಲ್ಲ ನೋಡು," ಅಂದ. "ಇದೇನೇ, ನಿದ್ದೆಗಣ್ಣಲ್ಲಿ ಹೊಲಿದೆಯಾ ಅಂತ ನಾನು ಆಡಿಕೊಂಡು ನಕ್ಕಿದ್ದೆ. ಅವಳೂ ನಕ್ಕಳು."