ಜೋಲ್ಚು ಮುದುಕನ ಬಾಗಿಲಿಗೆ ಬಿದ್ದ ಮೇಕೆ

ಸಿನಿಮಾದವರು ನಮ್ಮ ಕಣಿವೆಗೆ ಬಂದದ್ದು ಹಿಮ ಬೀಳುವುದಕ್ಕೆ ಸ್ವಲ್ಪ ಮುಂಚೆ. ಛಲ ಬಿಡದ ಸವಾರನೊಬ್ಬನ ಕಥೆಯಂತೆ. ರಾಜಧಾನಿ ಬಿಷ್ಕೆಕ್‌ನಿಂದ ಬಂದ ನಾಯಕನಟನಿಗೆ ಕುದುರೆಯ ಮೇಲೆ ಕೂರುವುದಷ್ಟೇ ಗೊತ್ತಿತ್ತು. ಓಡುವ ಕುದುರೆಯಿಂದ ಬಗ್ಗಿ, ನೆಲದ ಮೇಲಿನ ತಲೆಯಿಲ್ಲದ ಮೇಕೆಯನ್ನು ಎತ್ತು ಎಂದರೆ ಅವನ ಮುಖ ಬಿಳಿಚಿಕೊಳ್ಳುತ್ತಿತ್ತು. ಹಾಗಾಗಿ ಅವನ ಕೋಟು, ಟೋಪಿ ತೊಡಿಸಿ, ಮುಖ ಕಾಣದ ಹಾಗೆ ಒರೊಜಾಲಿಯನ್ನು ಕುದುರೆ ಹತ್ತಿಸಿದರು. ಎದುರು ತಂಡಕ್ಕೆ ನಾನು ಮತ್ತು ಊರಿನ ಮೂವರು.

ಒರೊಜಾಲಿ ನನ್ನ ಬಾಲ್ಯದ ಗೆಳೆಯ. ಕುದುರೆ ಮೇಲಿಂದಲೇ ಸತ್ತ ಮೇಕೆಗಾಗಿ ಕಿತ್ತಾಡುವ ನಮ್ಮ ಕೊಕ್‌ಬೊರು ಆಟದಲ್ಲಿ ಅವನ ಕೆಲಸ ದಾರಿ ಬಿಡಿಸುವುದು. ತನ್ನ ದಪ್ಪ ಕುದುರೆಯನ್ನು ಎದುರಾಳಿಗಳಿಗೆ ಅಡ್ಡ ನುಗ್ಗಿಸಿ, ಪೆಟ್ಟೆಲ್ಲ ತಾನು ತಿಂದು, ಇನ್ನೊಬ್ಬ ಮೇಕೆಯೊಂದಿಗೆ ಪಾರಾಗುವಂತೆ ಮಾಡುತ್ತಿದ್ದ. ನಲವತ್ತು ದಾಟಿದರೂ ಒಮ್ಮೆಯೂ ಗುಂಪಿನಿಂದ ಮೇಕೆಯನ್ನು ತಾನೇ ಕಿತ್ತು ತಂದವನಲ್ಲ. ಗೆದ್ದವನು ಆಟ ಮುಗಿದ ಮೇಲೆ ಮೇಕೆಯನ್ನು ಹಿರಿಯರೊಬ್ಬರ ಬಾಗಿಲಿಗೆ ಎಸೆಯುತ್ತಾನೆ. ಆ ಮನೆಯವರು ಏನಾದರೊಂದು ಕೊಟ್ಟು ಹರಸಬೇಕು. ಒರೊಜಾಲಿಯ ಅಪ್ಪ ಜೋಲ್ಚು ಹಿಂದೆ ಕಣಿವೆಯೇ ಹೆದರುತ್ತಿದ್ದ ಆಟಗಾರ. ಊರಿನ ಎಷ್ಟೋ ಬಾಗಿಲುಗಳಿಗೆ ಮೇಕೆ ಎಸೆದವನ ಬಾಗಿಲಿಗೆ ಮಗನ ಕೈಯಿಂದ ಒಂದೂ ಬಿದ್ದಿರಲಿಲ್ಲ. ಈಗ ಮುದುಕನಿಗೆ ಕಣ್ಣು ಹೋಗಿತ್ತು, ಎದೆ ಕಟ್ಟಿ ಹಾಸಿಗೆ ಹಿಡಿದಿದ್ದ. ಹುಲ್ಲು ಚಿಗುರುವವರೆಗೆ ಇರುವುದಿಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು.

"ಇವತ್ತಿನ ಮೇಕೆ ಅಪ್ಪನ ಬಾಗಿಲಿಗೆ ಹೋಗ್ಬೇಕು ಕಿದಿರ್," ಎಂದ ಒರೊಜಾಲಿ ನನಗೆ, ಜೀನು ಬಿಗಿಯುತ್ತಾ.

"ಸಿನಿಮಾದ ಮೇಕೆನಾ?"

"ಮುದುಕನಿಗೆ ಕ್ಯಾಮೆರಾ ಕಾಣ್ಸುತ್ತೇನೋ?"

ನಿರ್ದೇಶಕ ನಮ್ಮನ್ನು ಕರೆದು ಹೇಳಿದ: "ಅವನು ಬೀಳ್ತಾನೆ, ಏಳ್ತಾನೆ, ಮತ್ತೆ ಬೀಳ್ತಾನೆ. ಕೊನೇಲಿ ನೀವು ಒಂಚೂರು ಎಳೆದಾಡಿ ಬಿಟ್ಬಿಡಿ." ಹಾಗೇ ಮಾಡಿದೆವು. ಒರೊಜಾಲಿ ಚೆಂದವಾಗಿ ಬಿದ್ದ, ಚೆಂದವಾಗಿ ಎದ್ದ. ಮೇಕೆಯ ಕಾಲು ನನ್ನ ಕೈಯಲ್ಲಿತ್ತು. ಸನ್ನೆ ಕಂಡೊಡನೆ ಬಿಟ್ಟೆ. ನಿರ್ದೇಶಕ ಕಣ್ಣೊರೆಸಿಕೊಂಡ. ಒರೊಜಾಲಿ ಮಾತ್ರ ನಿಲ್ಲದೆ, ಮೇಕೆಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಊರಿನತ್ತ ಹೊರಟೇಬಿಟ್ಟ. ನಾನು ಹಿಂದೆಯೇ ಓಡಿಸಿದೆ.

ಗೊರಸಿನ ಸದ್ದು ಕೇಳಿ ಮುದುಕ ಹೊಸ್ತಿಲವರೆಗೆ ತೆವಳಿ ಬಂದಿದ್ದ. ಮೇಕೆ ಧೊಪ್ಪನೆ ಬಿತ್ತು.

"ನಿನ್ನ ಬಾಗಿಲಿಗೆ, ಅಪ್ಪ."

ಅಂಥ ನಗುವನ್ನು ಆ ಮುಖದ ಮೇಲೆ ನಾನು ಎಂದೂ ಕಂಡಿರಲಿಲ್ಲ. ಮುದುಕ ಕೈಚಾಚಿ ಮೇಕೆಯ ತೊಡೆ ಸವರಿದ. ಕಾಲನ್ನು ಮಡಚಿದ, ಚಾಚಿದ. ಚರ್ಮವನ್ನು ಹಿಂಡಿ ನೋಡಿದ. ನಗು ಅಲ್ಲೇ ಇಂಗಿತು.

"ಯಾರ ಕೈಯಿಂದ ಕಿತ್ತೆ?"

"ಕಿದಿರ್ ಕೈಯಿಂದ."

"ಕೀಲು ಸಡಿಲ ಆಗಿಲ್ಲ. ಚರ್ಮ ಮಾಂಸದಿಂದ ಬಿಟ್ಟಿಲ್ಲ. ಕಿದಿರ್ ಇದನ್ನ ಎಳೆದ್ನೋ, ಮದುವೆ ಹೆಣ್ಣಿನ ಕೈ ಅಂತ ಸುಮ್ನೆ ಹಿಡ್ಕೊಂಡಿದ್ನೋ?"

ನಾನು ತಲೆ ತಗ್ಗಿಸಿದೆ. ಒರೊಜಾಲಿಗೆ ಸುಳ್ಳು ಹೇಳಲು ಬಾರದು. "ಸಿನಿಮಾಗೆ ಅಪ್ಪ. ಬಿಡು ಅಂತ ಅವನಿಗೆ ಹೇಳಿದ್ರು."

"ತಗೊಂಡ್ಹೋಗು. ಈ ವಯಸ್ಸಲ್ಲಿ ನಂಗೆ ಆಟಿಕೆ ಬೇಡ."

ನನಗೆ ಮುದುಕನ ಮೇಲೆ ಕೆಟ್ಟ ಕೋಪ ಬಂತು. ಸಾಯುವ ಕಾಲಕ್ಕೆ ಒಂದು ಸುಳ್ಳನ್ನು ನುಂಗಿಕೊಂಡಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಇವತ್ತಿಗೂ ಆ ಕೋಪ ಪೂರ್ತಿ ಆರಿಲ್ಲ.

ಒರೊಜಾಲಿ ಮೈದಾನಕ್ಕೆ ಮರಳಿ, ಮೇಕೆಯನ್ನು ಕೆಳಗೆ ಹಾಕಿ, "ಇನ್ನೊಂದ್ ಸಲ," ಎಂದ. ನಿರ್ದೇಶಕ ಹಿಗ್ಗಿದ, ಇವನಿಗೂ ಕಲೆಯ ಹುಚ್ಚು ಹತ್ತಿತೆಂದುಕೊಂಡನೋ ಏನೋ. ಆಮೇಲೆ ಒರೊಜಾಲಿ ನಮ್ಮತ್ತ ತಿರುಗಿದ. "ಬಿಟ್ಟವನ ಮುಖ ನಾನು ಜನ್ಮದಲ್ಲಿ ನೋಡಲ್ಲ."

ನಾವು ಬಿಡಲಿಲ್ಲ. ಕುದುರೆಗಳು ಒಂದಕ್ಕೊಂದು ಒತ್ತಿ ನಿಂತವು, ಧೂಳು ಎದ್ದು ಯಾರ ಕಣ್ಣಿಗೆ ಯಾರೂ ಕಾಣದಂತಾಯಿತು. ಸನ್ನೆ ಬಂತೋ ಇಲ್ಲವೋ ಯಾರಿಗೆ ಗೊತ್ತು. ಉಳಿದ ಮೂವರ ಹಿಡಿತ ಒಂದೊಂದಾಗಿ ತಪ್ಪಿತು. ಕೊನೆಗೆ ಮೇಕೆಯ ಒಂದು ಕಾಲು ಅವನಲ್ಲಿ, ಒಂದು ನನ್ನಲ್ಲಿ. ಅವನು ಜೀನಿನಿಂದ ಪೂರ್ತಿ ಕೆಳಗೆ ಜೋತುಬಿದ್ದಿದ್ದ. ನನ್ನ ಕುದುರೆ ಅವನ ಕುದುರೆಗೆ ಅಪ್ಪಳಿಸಿತು. ನಡುವೆ ಅವನ ಮೊಣಕಾಲು ಸಿಕ್ಕಿ ಲಟಕ್ಕೆಂದದ್ದು ನನಗೆ ಕೇಳಿಸಿತು.

"ಸಾಕು ಕಣೋ, ನಿನ್ನ ಕಾಲು ಹೋಯ್ತು, ಬಿಡು," ಎಂದೆ.

"ನೀನು ಬಿಡ್ಬೇಡ," ಎಂದ. ಬೇಡುವವನ ದನಿ ಅದು.

ಬೆರಳು ಸಡಿಲಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಅಳುತ್ತಲೇ ಎಳೆದೆ, ಇದ್ದ ಬಲವನ್ನೆಲ್ಲ ಹಾಕಿ ಎಳೆದೆ. ಅವನು ಮುರಿದ ಕಾಲನ್ನೇ ಜೀನಿಗೆ ಒತ್ತಿ, ನನ್ನ ಅಂಗೈಯ ಚರ್ಮದ ಸಮೇತ ಆ ಮೇಕೆಯನ್ನು ಕಿತ್ತುಕೊಂಡ.

ಈ ಸಲವೂ ನಾನು ಹಿಂದೆಯೇ ಹೋದೆ. ಅಪ್ಪನ ಬಾಗಿಲ ಮುಂದೆ ಅವನಿಗೆ ಕುದುರೆಯಿಂದ ಇಳಿಯಲಾಗಲಿಲ್ಲ, ಮೇಲಿಂದಲೇ ಎಸೆದ. ಮುದುಕ ಮೇಕೆಯ ಕಾಲನ್ನು ಮುಟ್ಟಿದ. ಅದು ಹಗ್ಗದಂತೆ ತಿರುಗಿತು.

"ಕಿದಿರ್, ಇಲ್ಲಿ ಬಾ. ಕೈ ಕೊಡು."

ಕೊಟ್ಟೆ. ನನ್ನ ಅಂಗೈಯ ಹಸಿ ಗಾಯದ ಮೇಲೆ ಒಣಗಿದ ಬೆರಳುಗಳು ನಿಧಾನವಾಗಿ ಓಡಾಡಿದವು. ಮುದುಕ ಬಾಗಿಲ ಪಕ್ಕದ ಗೋಡೆಯ ಮೊಳೆ ತಡಕಾಡಿ, ಯಾರನ್ನೂ ಮುಟ್ಟಗೊಡದ ತನ್ನ ಹಳೇ ಚಾವಟಿ ತೆಗೆದು ಚಾಚಿದ. "ಇದು ಮಗನಿಗೆ. ಇನ್ಮೇಲೆ ಇದನ್ನ ಹಿಡ್ದೇ ಕುದುರೆ ಹತ್ಲಿ." ಮಗನ ಕಾಲಿನ ವಿಷಯ ಅವನಿಗೆ ಯಾರೂ ಹೇಳಲಿಲ್ಲ. ಮೊದಲ ಹಿಮದ ಹೊತ್ತಿಗೆ ಅವನನ್ನು ಮಣ್ಣು ಮಾಡಿದೆವು.

ಮಾರನೆಯ ವರ್ಷ ಊರಿನ ಕ್ಲಬ್ಬಿನಲ್ಲಿ ಸಿನಿಮಾ ತೋರಿಸಿದರು. ಒರೊಜಾಲಿ ಊರುಗೋಲನ್ನು ಕುರ್ಚಿಗೆ ಒರಗಿಸಿ ನನ್ನ ಪಕ್ಕ ಕೂತ. ಅವನು ಮತ್ತೆ ಕುದುರೆ ಹತ್ತಲೇ ಇಲ್ಲ, ಚಾವಟಿ ಮಡಿಲಲ್ಲಿತ್ತು. ಪರದೆಯ ಮೇಲೆ ಸವಾರ ಬಿದ್ದ, ಎದ್ದ, ಮತ್ತೆ ಬಿದ್ದ. ಸಂಗೀತ ಏರಿತು. ಸವಾರ ಮೇಕೆಯನ್ನು ಕಿತ್ತುಕೊಂಡ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು, ಹೆಂಗಸರು ಅತ್ತರು.

ಅದು ಮೊದಲ ಸಲದ್ದು. ಎರಡನೆಯದರಲ್ಲಿ ಬರೀ ಧೂಳೇ ಬಂದಿತ್ತಂತೆ, ಏನೂ ಕಾಣುತ್ತಿರಲಿಲ್ಲವಂತೆ.

ಒರೊಜಾಲಿ ಪರದೆಯಿಂದ ಕಣ್ಣು ಕೀಳಲಿಲ್ಲ. ಕತ್ತಲಲ್ಲೇ ನನ್ನ ಅಂಗೈ ಹುಡುಕಿ, ಅಪ್ಪನ ಹಾಗೇ ಅದರ ಗಾಯದ ಗುರುತನ್ನು ಬೆರಳಿನಿಂದ ಸವರಿದ.

"ಎಷ್ಟು ಚೆನ್ನಾಗಿ ಬಿಟ್ಟಿದ್ದೀಯ ನೋಡೋ," ಎಂದ.