ಸಿಲಿಯಾಳನ್ನು ಯಾರೂ ಕೇಳಿರಲಿಲ್ಲ

ಪೆಸಿಫಿಕ್ ಸಾಗರದ ಟೊಂಗಾ ದೇಶದ ಎವುವಾ ದ್ವೀಪದಲ್ಲಿ ಹೆಂಗಸರು ಕೂತು ಮರದ ತೊಗಟೆ ಬಡಿದು ಬಟ್ಟೆ ಮಾಡುತ್ತಾರೆ. ಟಕ್, ಟಕ್, ಟಕ್. ಆ ಲಯ ಕೇಳುತ್ತಾ ಕೂತರೆ ಕಣ್ಣು ತೆರೆದಿದ್ದರೂ ಕನಸು ಬೀಳುತ್ತದೆ. ಕೆಳಗೆ ಕಡಲು ಮಸುಕಾಗಿ ಹೊಳೆಯುತ್ತಿತ್ತು. ತಿಮಿಂಗಿಲವೊಂದು ಮರಿಯ ಜೊತೆ ಮೆಲ್ಲಗೆ ತೇಲಿ ಹೋಗುತ್ತಿತ್ತು. ಅದನ್ನೇ ನೋಡುತ್ತಾ ಪಿಸಿಲಾ ಕೊಡತಿ ಬಡಿಯುತ್ತಿದ್ದಳು. ಮನಸ್ಸು ಮಾತ್ರ ಅಲ್ಲಿರಲಿಲ್ಲ.

ಅವಳ ತಮ್ಮ ಫಿನೌನ ಮಗಳು ಸಿಲಿಯಾಗೆ ನ್ಯೂಜಿಲೆಂಡಿನಲ್ಲಿ ಕಡಲ ವಿಜ್ಞಾನ ಓದಲು ಸೀಟು ಸಿಕ್ಕಿತ್ತು, ವಿದ್ಯಾರ್ಥಿವೇತನವೂ ಸಿಕ್ಕಿತ್ತು. ಆ ನಾಡಿನಲ್ಲಿ ಸೋದರತ್ತೆಯ ಮಾತೇ ಮನೆಯಲ್ಲಿ ಕೊನೆಯ ಮಾತು. ಪಿಸಿಲಾ ಬೇಡವೆಂದಿದ್ದಳು. ಫಿನೌ ಅಕ್ಕನ ಮಾತಿಗೆ ತಲೆಬಾಗಿದ್ದ.

ಅಂದು ಕಲೊಲೈನೆ ಬಂದು ಪಕ್ಕದಲ್ಲಿ ಕೂತಳು. ಅದೇ ಊರಿನ ಮಗಳು, ಈಗ ಹೊರದೇಶದಲ್ಲಿ ಸಮಾಜಶಾಸ್ತ್ರದ ಅಧ್ಯಾಪಕಿ. ದೂರ ದೇಶಕ್ಕೆ ಓದಲು ಹೋದ ಹುಡುಗ ಹುಡುಗಿಯರ ಸುಖದುಃಖ ಕೇಳಿ ಬರೆಯುವುದೇ ಅವಳ ಕೆಲಸ.

"ಗಂಡು ಹುಡುಗ್ರು ಹೋದ್ರೆ ಹೋಗ್ಲಿ. ಹೆಣ್ಮಗು ಅಲ್ಲಿ ಒಬ್ಳೇ ಏನ್ ಮಾಡ್ತಾಳೆ? ನಿನ್ ಪುಸ್ತಕ ಅವಳನ್ನ ಕಾಯುತ್ತಾ?" ಎಂದಳು ಪಿಸಿಲಾ.

"ಪುಸ್ತಕ ಎಲ್ಲಿ ಕಾಯುತ್ತೆ ದೊಡ್ಡಮ್ಮ? ಮನೆಯವ್ರು ಕಿವಿಗೊಟ್ರೆ ಅದೇ ಕಾಯೋದು."

ದೂರ ಹೋದ ಎಲ್ಲರಿಗೂ ಒಂಟಿತನ ಕಾಡಿತ್ತು, ಆದರೆ ಕಷ್ಟವನ್ನು ಮನೆಗೆ ಹೇಳಿಕೊಳ್ಳಲು ಆದವರು ಗಟ್ಟಿಯಾಗಿ ನಿಂತರು ಎಂದು ಕಲೊಲೈನೆ ವಿವರಿಸಿದಳು. ವಾಪಸ್ ಕರೆಸುತ್ತಾರೆಂದು ಹುಡುಗಿಯರು ಮುಚ್ಚಿಡುತ್ತಾರೆ. ಗಂಡಸು ಅಳಬಾರದೆಂದು ಹುಡುಗರು ನುಂಗಿಕೊಳ್ಳುತ್ತಾರೆ.

ಪಿಸಿಲಾಳ ಕೊಡತಿ ನಿಂತಿತು. ಸಿಲಿಯಾಳ ಅಣ್ಣ ಮೋಸೆ ಕಣ್ಣ ಮುಂದೆ ಬಂದ. ನನಗೇನು ಭಯವೆಂದು ನಗುತ್ತಾ ಹೋದವನು ಓದು ಅರ್ಧಕ್ಕೇ ಬಿಟ್ಟು ಬಂದಿದ್ದ. ಯಾಕೆಂದು ಅವನು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

"ಸಿಲಿಯಾನ ಕೇಳಿದ್ರಾ ದೊಡ್ಡಮ್ಮ?"

ಕೇಳಿರಲಿಲ್ಲ. ಕರೆಸಿದರು. ಹುಡುಗಿ ಒದ್ದೆ ಕೈಯಲ್ಲೇ ಬಂದು ಕೂತಳು.

"ಆಸೆ ಇದೆ ಅತ್ತೆ, ಭಯಾನೂ ಇದೆ. ಹೋಗ್ದೇ ಉಳಿದ್ರೆ ಮಾತ್ರ ಇನ್ನೂ ಸಂಕಟ ಆಗುತ್ತೆ."

ಪಿಸಿಲಾ ಕೊಡತಿ ಕೆಳಗಿಟ್ಟು ಅವಳ ಒದ್ದೆ ಕೈ ಹಿಡಿದುಕೊಂಡಳು.

"ಭಯ ಇದೆ ಅಂತ ಬಾಯ್ಬಿಟ್ಟು ಹೇಳಿದ್ಯಲ್ಲ, ನಂಗೆ ಅಷ್ಟೇ ಸಾಕು. ಹೋಗು. ಅಲ್ಲಿಂದ್ಲೂ ಹೀಗೇ ಹೇಳ್ಬೇಕು. ಬಾ ವಾಪಸ್ಸು ಅಂತ ನಾನು ಗದರಲ್ಲ."

ಉಳಿಯುವ ಮನೆ ಯಾವುದು, ಕಾಲೇಜಿನಲ್ಲಿ ವಿದ್ಯಾರ್ಥಿಗಳ ನೆರವಿಗೆ ಯಾರಿದ್ದಾರೆ, ಅಲ್ಲಿಯ ಚರ್ಚಿನಲ್ಲಿ ನಮ್ಮೂರ ಹೆಂಗಸರು ಯಾರು ಎಂಬುದನ್ನು ಹೊರಡುವ ಮೊದಲೇ ವಿಚಾರಿಸಿಕೊಳ್ಳಲು ಕಲೊಲೈನೆ ಹೇಳಿದಳು. ಫಿನೌ ಅಂದೇ ವಿಚಾರಿಸತೊಡಗಿದ.

ಸಂಜೆ ಪಿಸಿಲಾ ಗೆಣಸಿನ ತೋಟಕ್ಕೆ ಹೋಗಿ ಮೋಸೆಯ ಪಕ್ಕ ನೆಲದ ಮೇಲೆ ಕೂತಳು. "ಅಲ್ಲಿ ನಿಂಗೆ ಏನಾಯ್ತಪ್ಪಾ?" ಎಂದಳು. ಅವನು ಕಡಲಿನ ಕಡೆ ತಿರುಗಿ ಕೂತ. ಆಮೇಲೆ ಅಲ್ಲಿ ಒಂಟಿಯಾಗಿ ಕಳೆದ ದಿನಗಳ ಬಗ್ಗೆ ಮೆಲ್ಲಗೆ ಹೇಳತೊಡಗಿದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮಗಳಿಗೆ ದೂರದ ಓದಿನ ಕರೆ ಬಂದರೆ ಬೇಡ ಅನ್ನುವ ಮೊದಲು ಅವಳನ್ನೇ ಕೇಳಿ. ಅಲ್ಲಿ ಅವಳಿಗೆ ಆಸರೆ ಯಾರೆಂದು ತಿಳಿದುಕೊಂಡು ಧೈರ್ಯವಾಗಿ ಕಳಿಸಿ. ಮಗನನ್ನು ಕಳಿಸಿದ್ದರೆ ಅವನು ಹೇಗಿದ್ದಾನೆಂದು ಇವತ್ತೇ ಕೇಳಿ, ಅವನು ಹೇಳಿ ಮುಗಿಸುವ ತನಕ ಕೇಳಿಸಿಕೊಳ್ಳಿ.